ಬಲ್ಬಿನ ರೋಧ ಮೀಟರಿನಲ್ಲಿ 65 ಓಮ್, ಲೆಕ್ಕದಲ್ಲಿ 882 ಓಮ್: ಯಾವುದನ್ನು ನಂಬೋದು?

ಕುತೂಹಲಿ
ಎಲ್ಲರಿಗೂ ನಮಸ್ಕಾರ. ವೋಲ್ಟೇಜು, ಕರೆಂಟು ಎರಡೂ ಗೊತ್ತಿದ್ದರೆ ಭಾಗಿಸಿದರೆ ರೋಧ, ಗುಣಿಸಿದರೆ ಪವರ್ ಅಂತ ಎಲ್ಲರೂ ಹೇಳ್ತಾರೆ. ಅದನ್ನೇ ಒಂದು ಹಳೇ ಫಿಲಮೆಂಟ್ ಬಲ್ಬಿನ ಮೇಲೆ ಪ್ರಯೋಗಿಸಿ ನೋಡಿದೆ. ಬಲ್ಬಿನ ಮೇಲೆ 230 ವೋಲ್ಟ್, 60 ವ್ಯಾಟ್ ಅಂತ ಬರೆದಿದೆ. 60 ಅನ್ನು 230ರಿಂದ ಭಾಗಿಸಿದರೆ ಕರೆಂಟು 0.26 ಆಂಪಿಯರ್. 230 ಅನ್ನು 0.26ರಿಂದ ಭಾಗಿಸಿದರೆ ರೋಧ ಸುಮಾರು 882 ಓಮ್ ಬರಬೇಕು.

ಹೋಲ್ಡರಿನಿಂದ ಬಲ್ಬು ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 65 ಓಮ್ ತೋರಿಸ್ತಿದೆ. ಇದನ್ನೇ ನಂಬಿ 230ರ ವರ್ಗವನ್ನು 65ರಿಂದ ಭಾಗಿಸಿದರೆ 814 ವ್ಯಾಟ್. 60 ವ್ಯಾಟಿನ ಬಲ್ಬು 814 ವ್ಯಾಟ್ ತಿನ್ನೋಕೆ ಸಾಧ್ಯವೇ ಇಲ್ಲ. ಮೀಟರ್ ತಪ್ಪೋ, ಸೂತ್ರ ತಪ್ಪೋ, ಬಲ್ಬಿನ ಮೇಲೆ ಬರೆದಿರೋದೇ ತಪ್ಪೋ?

ಫ್ಯೂಸ್‌ಹೋಯ್ತು
ಮೀಟರಿನ ಬ್ಯಾಟರಿ ಇಳಿದಿರಬೇಕು. ಬದಲಾಯಿಸಿ ನೋಡಿ.

ಕುತೂಹಲಿ
ಹೊಸ ಬ್ಯಾಟರಿನೇ ಇದೆ. 100 ಓಮಿನ ರೆಸಿಸ್ಟರ್ ಇಟ್ಟರೆ 99.6 ತೋರಿಸ್ತದೆ. ಮೀಟರಿನ ಮೇಲೆ ಅನುಮಾನ ಇಲ್ಲ.

ಹಳೇಮೀಟರ್
ಮೂರೂ ಸರಿ ಇವೆ ಸ್ವಾಮಿ. ನೀವು ಅಳೆದಿದ್ದು ತಣ್ಣಗಿರುವ ಬಲ್ಬನ್ನು, ಲೆಕ್ಕ ಹಾಕಿದ್ದು ಉರಿಯುತ್ತಿರುವ ಬಲ್ಬಿಗೆ. ಫಿಲಮೆಂಟ್ ಅಂದರೆ ಟಂಗ್‌ಸ್ಟನ್ ತಂತಿ. ಉರಿಯುವಾಗ ಅದು 2400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಲೋಹ ಕಾದಷ್ಟೂ ರೋಧ ಏರುತ್ತದೆ, ಅಷ್ಟು ಬಿಸಿಯಲ್ಲಿ ಟಂಗ್‌ಸ್ಟನ್ನಿನ ರೋಧ ತಣ್ಣಗಿದ್ದಾಗಿನ 13-14 ಪಟ್ಟು ಆಗಿರುತ್ತದೆ. ನಿಮ್ಮ 65ನ್ನು 13.6ರಿಂದ ಗುಣಿಸಿ ನೋಡಿ, 882ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಮೀಟರ್ ರೋಧ ಅಳೆಯುವಾಗ ತನ್ನ ಬ್ಯಾಟರಿಯಿಂದ ಚೂರೇ ಚೂರು ಕರೆಂಟು ಹರಿಸುತ್ತದೆ. ಅದರಿಂದ ಫಿಲಮೆಂಟಿಗೆ ಬೆಚ್ಚಗೂ ಆಗುವುದಿಲ್ಲ.

ಆಮೇಲೆ ನಿಮ್ಮ 814 ವ್ಯಾಟನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಸ್ವಿಚ್ ಹಾಕಿದ ಆ ಮೊದಲ ಕ್ಷಣದಲ್ಲಿ ಬಲ್ಬು ತಣ್ಣಗೇ ಇರುತ್ತದಲ್ಲ, ಆಗ ಮೂರೂವರೆ ಆಂಪಿಯರ್‌ವರೆಗೂ ಎಳೆಯುತ್ತದೆ. ಸೆಕೆಂಡಿನ ಒಂದು ಸಣ್ಣ ಭಾಗದೊಳಗೆ ಕಾದು, ರೋಧ ಏರಿ, 0.26ಕ್ಕೆ ಇಳಿಯುತ್ತದೆ. ಇಂಥ ಬಲ್ಬುಗಳು ಬಹುಪಾಲು ಸ್ವಿಚ್ ಹಾಕಿದಾಗಲೇ ಪಟ್ ಅನ್ನುವುದಕ್ಕೆ ಇದೂ ಕಾರಣ. ತಂತಿಯಲ್ಲಿ ಎಲ್ಲಿ ಸವೆದು ತೆಳುವಾಗಿದೆಯೋ ಅಲ್ಲಿ ರೋಧ ಜಾಸ್ತಿ. ಆ ಜಾಗ ಉಳಿದದ್ದಕ್ಕಿಂತ ಮೊದಲೇ ಕಾದು ಕರಗಿಹೋಗುತ್ತದೆ.

ಕುತೂಹಲಿ
ಆಹಾ, ಈಗ ಗೊತ್ತಾಯ್ತು. ಆದರೂ ಒಂದು ಕೊಕ್ಕೆ. ಟಂಗ್‌ಸ್ಟನ್ನಿಗೆ ಉಷ್ಣತಾ ಗುಣಾಂಕ, ಅಂದರೆ ಒಂದು ಡಿಗ್ರಿ ಕಾದರೆ ರೋಧ ಎಷ್ಟು ಪಾಲು ಏರುತ್ತೆ ಅನ್ನೋದು, 0.0045 ಅಂತ ಕೋಷ್ಟಕದಲ್ಲಿದೆ. 65 × (1 + 0.0045 × 2400) ಅಂತ ಮಾಡಿದರೆ 767 ಬರುತ್ತೆ, 882 ಬರಲ್ಲ. ಉಳಿದ ನೂರು ಚಿಲ್ಲರೆ ಓಮ್ ಎಲ್ಲಿ ಹೋಯ್ತು?

ಹಳೇಮೀಟರ್
ಆ 0.0045 ಕೋಣೆಯ ಉಷ್ಣತೆಯ ಸುತ್ತಮುತ್ತ ಮಾತ್ರ ಸರಿಯಾಗಿ ನಡೆಯುತ್ತದೆ. ಟಂಗ್‌ಸ್ಟನ್ನಿನ ರೋಧ ನೇರ ಗೆರೆಯಲ್ಲಿ ಏರುವುದಿಲ್ಲ, ಮೇಲೆ ಹೋದಂತೆ ಗೆರೆ ಇನ್ನೂ ಸ್ವಲ್ಪ ಕಡಿದಾಗುತ್ತದೆ. ಎರಡು ಸಾವಿರ ಡಿಗ್ರಿ ದಾಟಿದ ಮೇಲೆ ಒಂದೇ ಗುಣಾಂಕ ಹಿಡಿದು ಹೊರಟರೆ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಬಿಸಿಯಾದಾಗಿನ ರೋಧ ಬೇಕಾದರೆ ಗುಣಾಂಕದ ತಂಟೆಯೇ ಬೇಡ. ಉರಿಯುವಾಗಲೇ ವೋಲ್ಟೇಜು ಮತ್ತು ಕರೆಂಟು ಅಳೆದು ಭಾಗಿಸಿಬಿಡಿ.

ನೀರು ಕಾಯಿಸುವ ಹೀಟರಿನ ಕಾಯಿಲ್ ಇದ್ದರೆ ಇದೇ ಪರೀಕ್ಷೆ ಮಾಡಿ ನೋಡಿ. 1000 ವ್ಯಾಟಿನದಾದರೆ ಲೆಕ್ಕದಲ್ಲಿ 52.9 ಓಮ್ ಬರುತ್ತದೆ, ತಣ್ಣಗಿದ್ದಾಗ ಮೀಟರಿನಲ್ಲೂ 50ರ ಅಕ್ಕಪಕ್ಕವೇ ಇರುತ್ತದೆ. ಅದರಲ್ಲಿರುವುದು ನೈಕ್ರೋಮ್, ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹ. ನಿಗಿನಿಗಿ ಕಾದರೂ ಅದರ ರೋಧ ಏರುವುದು ಶೇಕಡಾ ಹತ್ತರ ಆಸುಪಾಸು ಅಷ್ಟೇ. ಹೀಟರ್ ಕೆಟ್ಟಿದೆಯೋ ಇಲ್ಲವೋ ಅಂತ ಓಮ್ ಅಳೆದು ಹೇಳಬಹುದು. ಬಲ್ಬಿನಲ್ಲಿ ಓಮ್ ಅಳೆದರೆ ತಂತಿ ತುಂಡಾಗಿಲ್ಲ ಅಂತ ತಿಳಿಯುತ್ತದೆ, ಅದರಿಂದಾಚೆಗೆ ಏನೂ ತಿಳಿಯುವುದಿಲ್ಲ.

ಪರೀಕ್ಷೆಹತ್ರ
ಸರ್, ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇಜಾರಾಗಬೇಡಿ. ಪವರಿಗೆ ನಮ್ಮ ಪುಸ್ತಕದಲ್ಲಿ ಮೂರು ಸೂತ್ರ ಇದೆ. ವೋಲ್ಟೇಜ್ × ಕರೆಂಟ್ ಒಂದು, ಕರೆಂಟಿನ ವರ್ಗ × ರೋಧ ಇನ್ನೊಂದು, ವೋಲ್ಟೇಜಿನ ವರ್ಗ ÷ ರೋಧ ಮತ್ತೊಂದು. ಎರಡನೇದು ನೋಡಿದರೆ ರೋಧ ಜಾಸ್ತಿಯಾದರೆ ಪವರ್ ಜಾಸ್ತಿ. ಮೂರನೇದು ನೋಡಿದರೆ ರೋಧ ಜಾಸ್ತಿಯಾದರೆ ಪವರ್ ಕಡಿಮೆ. ಎರಡೂ ಹೇಗೆ ಸರಿ? ಯಾವಾಗ ಯಾವುದು ಹಾಕಬೇಕು ಅಂತ ಬಾಯಿಪಾಠ ಮಾಡಬೇಕಾ?

ಪಾಠದಮೇಷ್ಟ್ರು
ಬೇಜಾರೇನಿಲ್ಲಮ್ಮ, ಈ ಪ್ರಶ್ನೆ ಕೇಳದೇ ಪರೀಕ್ಷೆ ದಾಟಿಬಿಡುವವರೇ ಹೆಚ್ಚು.

ಬಾಯಿಪಾಠ ಬೇಡ. ಮೂಲ ಒಂದೇ, ವೋಲ್ಟೇಜ್ × ಕರೆಂಟ್. ಮಿಕ್ಕ ಎರಡು ಅದರೊಳಗೇ ಹುಟ್ಟಿದವು. ವೋಲ್ಟೇಜಿನ ಜಾಗದಲ್ಲಿ 'ಕರೆಂಟ್ × ರೋಧ' ಬರೆದರೆ ಎರಡನೆಯದು, ಕರೆಂಟಿನ ಜಾಗದಲ್ಲಿ 'ವೋಲ್ಟೇಜ್ ÷ ರೋಧ' ಬರೆದರೆ ಮೂರನೆಯದು. ರೋಧವನ್ನು ಬದಲಾಯಿಸುವಾಗ ಯಾವುದು ಕದಲದೆ ನಿಂತಿದೆ, ಅದನ್ನು ಮಾತ್ರ ಕೇಳಿಕೋ. ಗೋಡೆಯ ಸಾಕೆಟ್ಟಿಗೆ ಒಂದೊಂದೇ ಸಾಧನ ಚುಚ್ಚುತ್ತಾ ಹೋದರೆ ವೋಲ್ಟೇಜು ನಿಂತಿದೆ, ಆದ್ದರಿಂದ ರೋಧ ಹೆಚ್ಚಿದಂತೆ ಪವರ್ ಇಳಿಯುತ್ತದೆ. ಒಂದರ ಹಿಂದೆ ಒಂದು ಪೋಣಿಸಿದ ಸರಣಿ ಜೋಡಣೆಯಲ್ಲಿ ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ, ಅಲ್ಲಿ ಯಾರ ರೋಧ ಹೆಚ್ಚೋ ಅವರೇ ಹೆಚ್ಚು ಕಾಯುತ್ತಾರೆ.

ಇದನ್ನು ನೋಡಲು ಒಂದು 60 ವ್ಯಾಟಿನ, ಒಂದು 100 ವ್ಯಾಟಿನ ಬಲ್ಬು ತೆಗೆದುಕೋ, ಎರಡೂ 230 ವೋಲ್ಟಿನವು. 60ರ ರೋಧ 882, 100ರ ರೋಧ 529. ಬೇರೆಬೇರೆಯಾಗಿ ಸಾಕೆಟ್ಟಿಗೆ ಹಾಕಿದರೆ 100ರದ್ದೇ ಜೋರು. ಈಗ ಎರಡನ್ನೂ ಸರಣಿಯಲ್ಲಿ ಜೋಡಿಸು. ಒಟ್ಟು 1411 ಓಮ್, ಕರೆಂಟು 0.163 ಆಂಪಿಯರ್. ಅದರ ವರ್ಗವನ್ನು 882ರಿಂದ ಗುಣಿಸಿದರೆ 23.4 ವ್ಯಾಟ್, 529ರಿಂದ ಗುಣಿಸಿದರೆ 14 ವ್ಯಾಟ್. 60ರ ಬಲ್ಬೇ ಹೆಚ್ಚು ಬೆಳಗುತ್ತದೆ! ಇದನ್ನು ಕಣ್ಣಾರೆ ನೋಡಿದವರಿಗೆ ಸೂತ್ರ ಮರೆತುಹೋಗುವುದಿಲ್ಲ.

ಹಳೇಮೀಟರ್
ಮೇಷ್ಟ್ರೇ, ಒಂದು ತಿದ್ದುಪಡಿ. ಸರಣಿಯಲ್ಲಿ ಎರಡೂ ಬಲ್ಬು ಪೂರ್ತಿ ಕಾಯುವುದಿಲ್ಲವಲ್ಲ, ಹಾಗಾಗಿ 882, 529 ಎರಡೂ ಅಲ್ಲಿ ನಿಜವಾದ ಅಂಕಿಗಳಲ್ಲ. 100ರದ್ದು ಇನ್ನೂ ತಣ್ಣಗಿರುವುದರಿಂದ ಅದರ ರೋಧ ಇನ್ನಷ್ಟು ಕುಸಿದಿರುತ್ತದೆ, 60ರದ್ದು ವೋಲ್ಟೇಜಿನ ದೊಡ್ಡ ಪಾಲು ನುಂಗುತ್ತದೆ. ನಿಜವಾಗಿ ಜೋಡಿಸಿ ನೋಡಿದರೆ ವ್ಯತ್ಯಾಸ 23 ಮತ್ತು 14ಕ್ಕಿಂತಲೂ ಎದ್ದು ಕಾಣುತ್ತದೆ.

ಪಾಠದಮೇಷ್ಟ್ರು
ಒಪ್ಪಿದೆ. ಪರೀಕ್ಷೆಯಲ್ಲಿ 23.4, 14 ಅಂತಲೇ ಬರೆಯಮ್ಮ. ಅಲ್ಲಿ ಬಲ್ಬಿನ ರೋಧ ಬದಲಾಗಲ್ಲ ಅಂತ ಇಟ್ಟುಕೊಂಡೇ ಪ್ರಶ್ನೆ ಕೊಡುತ್ತಾರೆ.

ತಂತಿಜೋಡಕ
ವೈರಿಂಗ್ ಕೆಲಸ ಮಾಡೋನು ನಾನು. ಮೂರು ಸೂತ್ರದಲ್ಲಿ ನಮಗೆ ದಿನಾ ತಲೆನೋವು ಕೊಡೋದು ಕರೆಂಟಿನ ವರ್ಗ × ರೋಧ. ಇದನ್ನ ಜೂಲ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1841ರಲ್ಲೇ ತಂತಿ ನೀರಲ್ಲಿಟ್ಟು ಅಳೆದು ತೋರಿಸಿದ. ಇವತ್ತಿಗೂ ಪ್ಲಗ್ಗು ಕರಗ್ತಾನೇ ಇವೆ.

ಲೆಕ್ಕ ನೋಡಿ. 2000 ವ್ಯಾಟಿನ ಹೀಟರ್, 230 ವೋಲ್ಟ್, ಅಂದ್ರೆ 8.7 ಆಂಪಿಯರ್. ಸಾಕೆಟ್ಟಿನ ಒಳಗೆ ಸ್ಕ್ರೂ ಸಡಿಲ ಆಗಿ ಅಲ್ಲಿ ಬರೀ ಅರ್ಧ ಓಮ್ ರೋಧ ಬಂತು ಅಂತಿಟ್ಕೊಳ್ಳಿ. 8.7ರ ವರ್ಗ 75.7, ಅದರ ಅರ್ಧ ಹೆಚ್ಚುಕಮ್ಮಿ 38 ವ್ಯಾಟ್. ಬೆಸುಗೆ ಕೋಲು 25 ವ್ಯಾಟಿಗೇ ಸೀಸ ಕರಗಿಸುತ್ತೆ. ಇಲ್ಲಿ 38 ವ್ಯಾಟ್ ಒಂದು ಸ್ಕ್ರೂ ತಲೆ ಮೇಲೆ, ಸುತ್ತ ಪ್ಲಾಸ್ಟಿಕ್. ಮೊದಲು ಪಿನ್ ಬುಡದಲ್ಲಿ ಕಂದು ಬಣ್ಣ ಬರುತ್ತೆ, ಆಮೇಲೆ ವಾಸನೆ, ಆಮೇಲೆ ಪ್ಲಗ್ ಕೀಳೋಕೆ ಹೋದರೆ ಪಿನ್ನು ಅಂಟಿಕೊಂಡಿರುತ್ತೆ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್) ಬೀಳೋದೇ ಇಲ್ಲ, ಯಾಕಂದ್ರೆ ಕರೆಂಟು ಜಾಸ್ತಿ ಆಗೇ ಇಲ್ಲ, ಇನ್ನೂ ಚೂರು ಕಮ್ಮಿನೇ ಆಗಿದೆ.

ಫ್ಯೂಸ್‌ಹೋಯ್ತು
ತಂತಿಗೂ ರೋಧ ಇದೆಯಲ್ಲ, ಅದೂ ಹಾಗೇ ಕಾಯಬೇಕಲ್ವಾ?

ತಂತಿಜೋಡಕ
ಕಾಯುತ್ತೆ, ಆದ್ರೆ ಉದ್ದಕ್ಕೂ ಹಂಚಿಹೋಗುತ್ತೆ. 1 ಚದರ ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ ಸುಮಾರು 0.017 ಓಮ್. ಸಾಧನ 10 ಮೀಟರ್ ದೂರದಲ್ಲಿದ್ದರೆ ಹೋಗೋದು ಬರೋದು ಸೇರಿ 20 ಮೀಟರ್, 0.34 ಓಮ್. ಅದೇ 8.7 ಆಂಪಿಯರಿಗೆ 26 ವ್ಯಾಟ್. 20 ಮೀಟರಿನ ಮೇಲೆ ಹರಡಿದ 26 ವ್ಯಾಟ್ ಕೈಗೆ ಬೆಚ್ಚಗೆ ತಾಗಬಹುದು ಅಷ್ಟೇ. ಎಕ್ಸ್‌ಟೆನ್ಷನ್ ಬಾಕ್ಸಿನ ತಂತಿಯನ್ನ ಸುರುಳಿ ಸುತ್ತಿಟ್ಟು ಹೀಟರ್ ಹಾಕಿದ್ರೆ ಮಾತ್ರ ಕತೆ ಬೇರೆ, ಶಾಖ ಹೊರಗೆ ಹೋಗೋಕೆ ದಾರಿನೇ ಇರಲ್ಲ. ಪೂರ್ತಿ ಬಿಚ್ಚಿ ಹಾಕಿ.

ಬೆಸುಗೆಕೋಲು
ಸಣ್ಣ ಕರೆಂಟಿನ ಕಡೆಗೂ ಸ್ವಲ್ಪ ಬನ್ನಿ. ಎಲೆಕ್ಟ್ರಾನಿಕ್ಸ್ ಕಲಿಯೋರು ಎಡವೋದು ಮಿಲಿಯಲ್ಲಿ. 12 ವೋಲ್ಟ್ ಸಪ್ಲೈ, ಕೆಂಪು ಎಲ್‌ಇಡಿ, ಅದರ ಮೇಲೆ 2 ವೋಲ್ಟ್ ಬೀಳುತ್ತೆ, ಕರೆಂಟು 20 ಮಿಲಿಆಂಪಿಯರ್ ಬೇಕು. ರೆಸಿಸ್ಟರ್ ಮೇಲೆ ಉಳಿಯೋದು 10 ವೋಲ್ಟ್. 10 ÷ 20 = 0.5 ಅಂತ ಬರೆದು ಅರ್ಧ ಓಮ್ ಹುಡುಕಿಕೊಂಡು ಹೋಗೋರನ್ನ ಕಂಡಿದ್ದೀನಿ. 20 ಮಿಲಿ ಅಂದರೆ 0.02 ಆಂಪಿಯರ್, ಉತ್ತರ 500 ಓಮ್. ಇಲ್ಲಾಂದ್ರೆ ಒಂದು ಉಪಾಯ ಇದೆ: ವೋಲ್ಟನ್ನು ಮಿಲಿಆಂಪಿಯರಿನಿಂದ ಭಾಗಿಸಿದರೆ ಬರೋದು ಕಿಲೋಓಮ್. 0.5 ಕಿಲೋಓಮ್, ಸರಿಹೋಯ್ತು.

500ರ ರೆಸಿಸ್ಟರ್ ಸಾಮಾನ್ಯವಾಗಿ ಸಿಗಲ್ಲ, 470 ಅಥವಾ 560 ಸಿಗುತ್ತೆ. ನಾನು 560 ಹಾಕ್ತೀನಿ. ಕರೆಂಟು 17.9 ಮಿಲಿಗೆ ಇಳಿಯುತ್ತೆ, ಕಣ್ಣಿಗೆ ಬೆಳಕಿನಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. ರೆಸಿಸ್ಟರ್ ತಿನ್ನೋ ಪವರ್ 10 × 0.0179, ಅಂದರೆ 0.18 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ತಡೆಯುತ್ತೆ, ಆದರೆ ಬೆರಳಿಟ್ಟರೆ ಚೆನ್ನಾಗೇ ಬಿಸಿ. ಡಬ್ಬದೊಳಗೆ ಗಾಳಿಯಾಡದ ಕಡೆ ಅರ್ಧ ವ್ಯಾಟಿನದು ಹಾಕೋದು ಒಳ್ಳೆಯದು. ತಮಾಷೆ ಏನಂದ್ರೆ ಎಲ್‌ಇಡಿಗೆ ಸಿಗೋದು 0.036 ವ್ಯಾಟ್. ಅದರ ಐದು ಪಟ್ಟನ್ನು ರೆಸಿಸ್ಟರ್ ಬರೀ ಬಿಸಿ ಮಾಡೋಕೆ ತಿಂದುಹಾಕುತ್ತೆ.

ಫ್ಯೂಸ್‌ಹೋಯ್ತು
ಅಷ್ಟೆಲ್ಲ ಯಾಕೆ, ಎಲ್‌ಇಡಿಯ ರೋಧವನ್ನೇ ಲೆಕ್ಕ ಹಾಕಿದರೆ ಆಗಲ್ವಾ? 2 ವೋಲ್ಟ್, 20 ಮಿಲಿ, ಅಂದರೆ 100 ಓಮ್. 12 ವೋಲ್ಟ್ ನೇರ ಕೊಟ್ಟರೆ 120 ಮಿಲಿ ಹರಿಯುತ್ತೆ ಅಂತ ಗೊತ್ತಾಗಿಬಿಡುತ್ತೆ.

ಬೆಸುಗೆಕೋಲು
ನೇರ ಕೊಟ್ಟರೆ ಗೊತ್ತಾಗೋದು ಹೊಗೆ. ಎಲ್‌ಇಡಿಗೆ 100 ಓಮ್ ಅನ್ನೋದು 20 ಮಿಲಿ ಹರಿಯುವಾಗ ಮಾತ್ರ. 5 ಮಿಲಿ ಹರಿಸಿ ನೋಡಿ, ವೋಲ್ಟೇಜ್ 1.85ರ ಹತ್ತಿರವೇ ನಿಂತಿರುತ್ತೆ, ಭಾಗಿಸಿದರೆ 370 ಓಮ್. ವೋಲ್ಟೇಜು ಚೂರು ಏರಿಸಿದರೆ ಸಾಕು, ಕರೆಂಟು ದಬದಬ ಏರುತ್ತೆ. ಅದಕ್ಕೇ ರೆಸಿಸ್ಟರ್ ಕಾವಲಿಡೋದು.

ಫ್ಯೂಸ್‌ಹೋಯ್ತು
ಹಾಗಾದರೆ ಬಲ್ಬೂ ಓಮನ ನಿಯಮ ಕೇಳಲ್ಲ, ಎಲ್‌ಇಡಿಯೂ ಕೇಳಲ್ಲ. ಇನ್ನು ಆ ನಿಯಮ ಇಟ್ಟುಕೊಂಡು ಏನು ಮಾಡೋದು?

ಪಾಠದಮೇಷ್ಟ್ರು
ಎರಡು ಬೇರೆ ವಿಷಯಗಳನ್ನು ಒಂದೇ ಗಂಟು ಮಾಡಬಾರದು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವುದು ರೋಧ, ಅದು ವ್ಯಾಖ್ಯೆ. ಯಾವ ವಸ್ತುವಿಗೆ ಬೇಕಾದರೂ, ಯಾವ ಗಳಿಗೆಯಲ್ಲಿ ಬೇಕಾದರೂ ಆ ಭಾಗಾಕಾರ ಮಾಡಬಹುದು. ಓಮನ ನಿಯಮ ಹೇಳುವುದು ಅದಕ್ಕಿಂತ ಮುಂದಿನ ಮಾತು: ಉಷ್ಣತೆ ಮುಂತಾದವು ಬದಲಾಗದಿದ್ದರೆ ಲೋಹದ ತಂತಿಯಲ್ಲಿ ಆ ಭಾಗಲಬ್ಧ ಎಷ್ಟೇ ವೋಲ್ಟೇಜಿಗೂ ಒಂದೇ ಇರುತ್ತದೆ. ಬಲ್ಬಿನಲ್ಲಿ ಉಷ್ಣತೆ ಬದಲಾಯಿತು, ಹಾಗಾಗಿ ಭಾಗಲಬ್ಧವೂ ಬದಲಾಯಿತು. ಎಲ್‌ಇಡಿ ಲೋಹದ ತಂತಿಯೇ ಅಲ್ಲ. 65 ಓಮ್ ಹಿಡಿದುಕೊಂಡು 230 ವೋಲ್ಟಿನ ಪವರ್ ಹೇಳಲು ಹೋದಾಗ ನಾವು ನಿಯಮವನ್ನು ಅದು ನಿಲ್ಲದ ಜಾಗಕ್ಕೆ ಎಳೆದೊಯ್ದಂತಾಯಿತು.

ಹಳೇಮೀಟರ್
ಮೇಷ್ಟ್ರ ಮಾತು ಸರಿಯೇ. ಆದರೆ ಕೆಲಸದ ಜಾಗದಲ್ಲಿ ನಾನು ಇಷ್ಟು ಸೂಕ್ಷ್ಮ ಮಾಡುವುದಿಲ್ಲ. ವೋಲ್ಟೇಜು, ಕರೆಂಟು ಎರಡನ್ನೂ ಒಂದೇ ಹೊತ್ತಿಗೆ, ಅದೇ ಸಾಧನದ ಮೇಲೆ, ಅದು ಕೆಲಸ ಮಾಡುತ್ತಿರುವಾಗ ಅಳೆದಿದ್ದರೆ ಡಿಸಿಯಲ್ಲಿ (ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ) ಗುಣಾಕಾರ ಯಾವತ್ತೂ ಸುಳ್ಳು ಹೇಳುವುದಿಲ್ಲ. ಬಲ್ಬಾಗಲಿ, ಎಲ್‌ಇಡಿಯಾಗಲಿ, ಬ್ಯಾಟರಿಯಾಗಲಿ, ವೋಲ್ಟ್ × ಆಂಪಿಯರ್ = ವ್ಯಾಟ್. ವರ್ಗ ಇರುವ ಎರಡು ಸೂತ್ರಗಳಲ್ಲಿ ಮಾತ್ರ ಯಾವ ಹೊತ್ತಿನ ರೋಧ ಹಾಕುತ್ತಿದ್ದೇವೆ ಅಂತ ಹುಷಾರಾಗಿರಬೇಕು.

ಈ ನಿಯಮ ಕಂಡುಹಿಡಿದ ವಿಜ್ಞಾನಿ ಓಮ್‌ಗೂ ಇದೇ ಥರದ ಕಾಟ ಇತ್ತು. ಆಗಿನ ಸೆಲ್ಲುಗಳಲ್ಲಿ ಕರೆಂಟು ಎಳೆದ ಕೂಡಲೇ ವೋಲ್ಟೇಜು ಕುಸಿಯುತ್ತಿತ್ತು, ಅಳತೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿಯ ಸಲಹೆಯಂತೆ ಸೆಲ್ ಬಿಟ್ಟು ಬಿಸ್ಮತ್ ಮತ್ತು ತಾಮ್ರದ ಉಷ್ಣಜೋಡಿ ಹಿಡಿದ. ಎರಡು ಲೋಹಗಳ ಸಂಧಿಗಳ ಉಷ್ಣತೆ ಬೇರೆಬೇರೆ ಇದ್ದರೆ ಅದರಲ್ಲಿ ವೋಲ್ಟೇಜು ಹುಟ್ಟುತ್ತದೆ. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಉಷ್ಣತೆ ಎರಡೂ ಕಡೆ ಅಲ್ಲಾಡುವುದಿಲ್ಲ, ಹಾಗಾಗಿ ವೋಲ್ಟೇಜೂ ಅಲ್ಲಾಡುವುದಿಲ್ಲ. ಹಾಗೆ ಬಂದ ಅಳತೆಗಳ ಮೇಲೆ 1827ರಲ್ಲಿ ಪುಸ್ತಕ ಬರೆದ. ಸ್ಥಿರವಾದ ಮೂಲ ಸಿಕ್ಕಿದ ಮೇಲೇ ನಿಯಮ ಕಣ್ಣಿಗೆ ಬಿದ್ದಿದ್ದು.

ಕುತೂಹಲಿ
ಉರಿಯುವಾಗಲೇ ಅಳೆಯಿರಿ ಅಂದಿದ್ರಲ್ಲ. ಸಾಕೆಟ್ಟಿನ ಕರೆಂಟಿನ ಜೊತೆ ಆಟ ಬೇಡ ಅಂತ 12 ವೋಲ್ಟಿನ, 21 ವ್ಯಾಟಿನ ವಾಹನದ ಬಲ್ಬು ತಗೊಂಡೆ. ಬ್ಯಾಟರಿಗೆ ಹಾಕಿ ಉರಿಸಿದಾಗ ಬಲ್ಬಿನ ತುದಿಯಲ್ಲಿ 12.0 ವೋಲ್ಟ್, ಕರೆಂಟು 1.74 ಆಂಪಿಯರ್. ಭಾಗಿಸಿದರೆ 6.9 ಓಮ್, ಗುಣಿಸಿದರೆ 20.9 ವ್ಯಾಟ್. ಬಲ್ಬಿನ ಮೇಲೆ ಬರೆದಿದ್ದಕ್ಕೆ ಕರೆಕ್ಟಾಗಿ ಹೊಂದಿತು, ಖುಷಿಯಾಯ್ತು. ತಣ್ಣಗಾದ ಮೇಲೆ ಮೀಟರಿನಲ್ಲಿ 0.8 ಓಮ್. ಆದರೆ 6.9ನ್ನು 0.8ರಿಂದ ಭಾಗಿಸಿದರೆ ಎಂಟೂವರೆ ಪಟ್ಟು ಮಾತ್ರ. 13 ಪಟ್ಟು ಅಂದಿದ್ರಲ್ಲ?

ಲೆಕ್ಕಪಕ್ಕಾ
ಮೀಟರಿನ ಎರಡು ಕಡ್ಡಿಗಳ ತುದಿಯನ್ನು ಒಂದಕ್ಕೊಂದು ತಾಗಿಸಿ. ಎಷ್ಟು ತೋರಿಸುತ್ತದೆ?

ಕುತೂಹಲಿ
0.3!

ಲೆಕ್ಕಪಕ್ಕಾ
ಅದು ನಿಮ್ಮ ಮೀಟರಿನ ವೈರುಗಳ ರೋಧ. 0.8ರಲ್ಲಿ ಅದನ್ನು ಕಳೆಯಿರಿ, ಬಲ್ಬಿನದ್ದು 0.5. ಈಗ ಭಾಗಿಸಿದರೆ ಹದಿಮೂರು ಮುಕ್ಕಾಲು. 882 ಓಮ್ ಅಳೆಯುವಾಗ 0.3 ಲೆಕ್ಕಕ್ಕೇ ಇಲ್ಲ, ಅರ್ಧ ಓಮ್ ಅಳೆಯುವಾಗ ಅದೇ ಅರ್ಧಕ್ಕಿಂತ ಹೆಚ್ಚಿನ ತಪ್ಪು.

ಇಷ್ಟು ಚಿಕ್ಕ ರೋಧಗಳಿಗೆ ಮೀಟರಿನ ಓಮ್ ರೇಂಜನ್ನು ನಂಬಬಾರದು. ಗೊತ್ತಿರುವಷ್ಟು ಕರೆಂಟು, ಉದಾಹರಣೆಗೆ 1 ಆಂಪಿಯರ್, ಒಂದು ಜೊತೆ ತಂತಿಯಲ್ಲಿ ಹರಿಸಿ. ಬೇರೆ ಒಂದು ಜೊತೆ ತಂತಿಯಿಂದ ಸಾಧನದ ತುದಿಗಳಲ್ಲೇ ವೋಲ್ಟೇಜ್ ಅಳೆಯಿರಿ. ವೋಲ್ಟ್‌ಮೀಟರಿನ ತಂತಿಯಲ್ಲಿ ಕರೆಂಟು ಹರಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ. 100 ಮಿಲಿವೋಲ್ಟ್ ಬಂದರೆ 0.1 ಓಮ್. ನಾಲ್ಕು ತಂತಿ ವಿಧಾನ ಅಂದರೆ ಇದೇ. ಬಲ್ಬಿಗೆ ಮಾತ್ರ 1 ಆಂಪಿಯರ್ ಹರಿಸಿ ತಣ್ಣನೆಯ ರೋಧ ಅಳೆಯಲು ಹೋಗಬೇಡಿ, ಅದು ಅಷ್ಟಕ್ಕೇ ಕಾದುಬಿಡುತ್ತದೆ.

ದೊಡ್ಡ ರೋಧಗಳಲ್ಲಿ ಸಮಸ್ಯೆ ತಲೆಕೆಳಗು. 10 ಮೆಗಾಓಮಿನ ಡಿಜಿಟಲ್ ವೋಲ್ಟ್‌ಮೀಟರನ್ನು 1 ಮೆಗಾಓಮಿನ ರೆಸಿಸ್ಟರಿಗೆ ನೇರ ತಾಗಿಸಿದರೆ, ಆಂಪಿಯರ್ ಮೀಟರಿನ ಮೂಲಕ ಬರುವ ಕರೆಂಟಿನಲ್ಲಿ ವೋಲ್ಟ್‌ಮೀಟರೂ ಪಾಲು ತಿನ್ನುತ್ತದೆ. ಭಾಗಿಸಿದರೆ 0.91 ಮೆಗಾಓಮ್ ಬರುತ್ತದೆ. ಹಾಗಾಗಿ ಚಿಕ್ಕ ರೋಧಕ್ಕೆ ವೋಲ್ಟ್‌ಮೀಟರ್ ಸಾಧನದ ತುದಿಗೇ ಇರಲಿ. ದೊಡ್ಡ ರೋಧಕ್ಕೆ ಸಾಧನ ಮತ್ತು ಆಂಪಿಯರ್ ಮೀಟರ್ ಎರಡನ್ನೂ ಒಳಗೆ ಸೇರಿಸಿಕೊಂಡು ಅಳೆಯಲಿ.

ಇನ್ನೊಂದು ಕಿರಿಕಿರಿ. ಕೆಲವರು ಭಾಗಿಸಿದ ಮೇಲೆ 6.896551 ಓಮ್ ಅಂತ ಬರೆಯುತ್ತಾರೆ. ವೋಲ್ಟೇಜಿನಲ್ಲಿ ಶೇಕಡಾ 1, ಕರೆಂಟಿನಲ್ಲಿ ಶೇಕಡಾ 2 ತಪ್ಪಿದ್ದರೆ ಉತ್ತರದಲ್ಲಿ ಶೇಕಡಾ 3ರವರೆಗೆ ತಪ್ಪಿರಬಹುದು. 6.9 ಅಂತ ಬರೆದರೆ ಧಾರಾಳವಾಯಿತು.

ತಂತಿಜೋಡಕ
ಆಂಪಿಯರ್ ರೇಂಜಿನಲ್ಲಿಟ್ಟ ಮೀಟರನ್ನ ಸಾಕೆಟ್ಟಿಗೆ ಚುಚ್ಚಬೇಡ್ರಪ್ಪೋ. ಆ ರೇಂಜಿನಲ್ಲಿ ಮೀಟರ್ ಅಂದ್ರೆ ಬರೀ ಒಂದು ತಂತಿ ತುಂಡು, ಕಣ್ಣೆದುರೇ ಸಿಡಿಯುತ್ತೆ. ಓಮ್ ರೇಂಜೂ ಅಷ್ಟೇ, ಕರೆಂಟ್ ಇರೋ ಕಡೆ ಬೇಡ. ಮನೆ ಲೈನಿನಲ್ಲಿ ಕರೆಂಟು ಅಳೀಬೇಕಾದ್ರೆ, ತಂತಿ ಕತ್ತರಿಸದೆ ಅದರ ಸುತ್ತ ಕಚ್ಚಿಸಿ ಅಳೆಯೋ ಕ್ಲ್ಯಾಂಪ್ ಮೀಟರ್ ತಗೊಳ್ಳಿ. ಒಂದೇ ತಂತಿಯ ಸುತ್ತ ಹಾಕಬೇಕು, ಫೇಸ್ ನ್ಯೂಟ್ರಲ್ ಎರಡೂ ಸೇರಿಸಿ ಹಾಕಿದ್ರೆ ಸೊನ್ನೆ ತೋರಿಸುತ್ತೆ.

ನೀರೆತ್ತುವವ
ಕ್ಲ್ಯಾಂಪ್ ಮೀಟರ್ ಅಂದಿದ್ದಕ್ಕೆ ಕೇಳ್ತೀನಿ. ಅರ್ಧ ಎಚ್‌ಪಿ (ಅಶ್ವಶಕ್ತಿ) ಸಿಂಗಲ್ ಫೇಸ್ ಪಂಪು. 230 ವೋಲ್ಟಿನಲ್ಲಿ 3.3 ಆಂಪಿಯರ್ ತೋರಿಸುತ್ತೆ. ಗುಣಿಸಿದರೆ 759. ಅರ್ಧ ಎಚ್‌ಪಿ ಅಂದ್ರೆ 373 ವ್ಯಾಟ್ ತಾನೆ? ದುಪ್ಪಟ್ಟು ಎಳೀತಿದೆಯಾ? ಮೇಯ್ನ್ ವೈಂಡಿಂಗ್, ಅಂದ್ರೆ ಮೋಟರಿನ ಮುಖ್ಯ ತಂತಿ ಸುರುಳಿ, ಅಳೆದರೆ 6 ಓಮ್. 230 ÷ 6 ಅಂದ್ರೆ 38 ಆಂಪಿಯರ್. ಇಲ್ಲಿ ಯಾವ ಲೆಕ್ಕವೂ ಕೂಡಿಬರ್ತಿಲ್ಲ.

ಹಳೇಮೀಟರ್
ಎಸಿಯಲ್ಲಿ, ಅಂದರೆ ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನಲ್ಲಿ, ಅದರಲ್ಲೂ ಮೋಟರಿನಲ್ಲಿ, 759 ಅನ್ನುವುದು ವೋಲ್ಟ್‌ಆಂಪಿಯರ್, ವ್ಯಾಟ್ ಅಲ್ಲ. ಸುರುಳಿಯಲ್ಲಿ ಕರೆಂಟು ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ಒಂದಷ್ಟು ಶಕ್ತಿ ಹೋಗಿ ವಾಪಸು ಬರುತ್ತಾ ಇರುತ್ತದೆ, ಖರ್ಚಾಗುವುದಿಲ್ಲ. ಖರ್ಚಾಗುವ ಪಾಲಿಗೆ ಪವರ್ ಫ್ಯಾಕ್ಟರ್ ಅನ್ನುತ್ತಾರೆ. ನಿಮ್ಮ ಪಂಪಿಗೆ 0.75 ಇದೆ ಅಂತಿಟ್ಟುಕೊಂಡರೆ 759 × 0.75 = 569 ವ್ಯಾಟ್. ಎಚ್‌ಪಿ ಅಂತ ಬರೆಯುವುದು ಶಾಫ್ಟಿನಲ್ಲಿ ಹೊರಬರುವ ಪವರನ್ನು. 569 ಒಳಗೆ ಹೋಗಿ 373 ಹೊರಬಂದರೆ ದಕ್ಷತೆ ಶೇಕಡಾ 65ರಷ್ಟು, ಇಷ್ಟು ಚಿಕ್ಕ ಮೋಟರಿಗೆ ಅದು ಸಹಜ.

ಇನ್ನು ಆ 6 ಓಮ್. ಅದು ಬರೀ ತಾಮ್ರದ ರೋಧ. ಓಡುವ ಮೋಟರಿನಲ್ಲಿ ಕರೆಂಟನ್ನು ತಡೆಯುವುದು ಮುಖ್ಯವಾಗಿ ಅದಲ್ಲ, ಸುರುಳಿಯಲ್ಲಿ ಎದುರಾಗಿ ಹುಟ್ಟುವ ವೋಲ್ಟೇಜು. ಆದ್ದರಿಂದ 230ನ್ನು 6ರಿಂದ ಭಾಗಿಸಲೇಬಾರದು. ಆದರೆ 6 ಓಮ್ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. 3.3ರ ವರ್ಗ × 6, ಸುಮಾರು 65 ವ್ಯಾಟ್. ಕರೆಂಟೆಲ್ಲ ಮೇಯ್ನ್ ವೈಂಡಿಂಗಿನಲ್ಲೇ ಹರಿಯುತ್ತದೆ ಅಂತ ಒರಟಾಗಿ ಹಿಡಿದರೆ, ತಾಮ್ರ ಕಾಯುವುದಕ್ಕೆ ಹೋಗುತ್ತಿರುವುದು ಇಷ್ಟು.

ನೀರೆತ್ತುವವ
ಅರ್ಥವಾಯ್ತು. ನಿಜವಾದ ಚಿಂತೆ ಇದು: ಸಂಜೆ ಹೊತ್ತು ವೋಲ್ಟೇಜ್ 195ಕ್ಕೆ ಇಳಿಯುತ್ತೆ. ವೋಲ್ಟೇಜ್ ಕಡಿಮೆಯಾದರೆ ಕರೆಂಟೂ ಕಡಿಮೆಯಾಗಬೇಕಲ್ವಾ? ಕ್ಲ್ಯಾಂಪಿನಲ್ಲಿ 4 ಆಂಪಿಯರ್ ತೋರಿಸ್ತಿದೆ, ಬಾಡಿ ಕೈ ಇಡೋಕಾಗದಷ್ಟು ಬಿಸಿ.

ಹಳೇಮೀಟರ್
ಹೀಟರ್ ಆಗಿದ್ದರೆ ನೀವು ಹೇಳಿದ ಹಾಗೇ ಆಗುತ್ತಿತ್ತು. 1000 ವ್ಯಾಟಿನ ಹೀಟರ್ 195 ವೋಲ್ಟಿನಲ್ಲಿ 4.35ರ ಬದಲು 3.7 ಆಂಪಿಯರ್ ಎಳೆಯುತ್ತದೆ, ಪವರ್ 719 ವ್ಯಾಟಿಗೆ ಇಳಿಯುತ್ತದೆ. ನೀರು ನಿಧಾನ ಕಾಯುತ್ತದೆ, ಅಷ್ಟೇ. ಪಂಪಿಗೆ ಆ ಸೌಕರ್ಯ ಇಲ್ಲ. ಎತ್ತಬೇಕಾದ ನೀರು ಅಷ್ಟೇ ಇದೆ, ವೇಗವೂ ಹೆಚ್ಚೇನೂ ಇಳಿಯುವುದಿಲ್ಲ. ಅದೇ ಕೆಲಸವನ್ನು ಕಡಿಮೆ ವೋಲ್ಟೇಜಿನಲ್ಲಿ ಮಾಡಬೇಕಾದರೆ ಹೆಚ್ಚು ಕರೆಂಟು ಎಳೆಯಲೇಬೇಕು. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ: 4ರ ವರ್ಗ 16, 16 × 6 = 96 ವ್ಯಾಟ್. ಮುಂಚಿನ 65ರ ಒಂದೂವರೆ ಪಟ್ಟು. ಅಲ್ಲಿಗೂ ನಿಲ್ಲುವುದಿಲ್ಲ. ತಾಮ್ರ 60 ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ಶೇಕಡಾ 23 ಏರಿ 6 ಓಮ್ 7.4 ಆಗುತ್ತದೆ, 96 ವ್ಯಾಟ್ 118 ಆಗುತ್ತದೆ.

ಒಳಗೆ ಎಷ್ಟು ಕಾದಿದೆ ಅಂತ ಊಹೆ ಮಾಡುವುದೂ ಬೇಡ, ಅಳೆಯಬಹುದು. ಮೋಟರ್ ಪೂರ್ತಿ ತಣ್ಣಗಿರುವಾಗ ವೈಂಡಿಂಗಿನ ರೋಧ ಬರೆದಿಡಿ, ಮೀಟರಿನ ವೈರುಗಳದ್ದನ್ನು ಕಳೆದು. ಸಂಜೆ ಚೆನ್ನಾಗಿ ಓಡಿದ ಮೇಲೆ ಸ್ವಿಚ್ ಆರಿಸಿ, ಲೈನ್ ಬಿಡಿಸಿ, ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ಡಿಸ್ಚಾರ್ಜ್ ಮಾಡಿ, ತಡಮಾಡದೆ ಮತ್ತೆ ಅಳೆಯಿರಿ. 25 ಡಿಗ್ರಿಯಲ್ಲಿ 6 ಓಮ್ ಇದ್ದದ್ದು 7.4 ಆಗಿದ್ದರೆ ಹೀಗೆ ಲೆಕ್ಕ: 7.4 ÷ 6 = 1.233. ಅದನ್ನು 25 + 234.5ರಿಂದ ಗುಣಿಸಿ, ಆಮೇಲೆ 234.5 ಕಳೆಯಿರಿ. ಸುಮಾರು 86 ಡಿಗ್ರಿ ಬರುತ್ತದೆ. 234.5 ತಾಮ್ರಕ್ಕೆ ಮಾತ್ರ ಹೊಂದುವ ಸಂಖ್ಯೆ, ಅಲ್ಯೂಮಿನಿಯಂ ವೈಂಡಿಂಗ್ ಆದರೆ ಬೇರೆ.

ನೀರೆತ್ತುವವ
ತಣ್ಣಗಿದ್ದಾಗ 6.0, ಈಗಷ್ಟೇ ಅಳೆದೆ 7.6 ಬಂತು. ಲೆಕ್ಕ ಹಾಕಿದರೆ 94 ಡಿಗ್ರಿ. ಓಡಿಸಬಹುದಾ?

ಹಳೇಮೀಟರ್
ಮೋಟರಿನ ಹೆಸರು ಪಟ್ಟಿಯಲ್ಲಿ ಇನ್ಸುಲೇಷನ್ (ಸುರುಳಿಯ ತಂತಿಯ ಹೊದಿಕೆ) ದರ್ಜೆ ನೋಡಿ. ಬಿ ಅಂತಿದ್ದರೆ ಮಿತಿ 130 ಡಿಗ್ರಿ, ಎಫ್ ಇದ್ದರೆ 155. ನಿಮಗೆ ಬಂದದ್ದು ಇಡೀ ಸುರುಳಿಯ ಸರಾಸರಿ, ಒಳಗೆ ಎಲ್ಲೋ ಒಂದು ಕಡೆ ಇನ್ನೂ ಸ್ವಲ್ಪ ಹೆಚ್ಚಿರುತ್ತದೆ. ಆದರೂ 94 ಅಪಾಯದ ಅಂಚಲ್ಲ. ಬೇಸಿಗೆಯಲ್ಲಿ ಸುತ್ತಲಿನ ಗಾಳಿ ಇನ್ನೂ 10-15 ಡಿಗ್ರಿ ಹೆಚ್ಚಿದ್ದರೆ ಅಷ್ಟನ್ನೂ ಸೇರಿಸಿಕೊಳ್ಳಿ. ಸದ್ಯಕ್ಕೆ ವೋಲ್ಟೇಜ್ 200 ದಾಟಿರುವ ಹೊತ್ತಿನಲ್ಲೇ ಓಡಿಸಿ, ಕೆಪಾಸಿಟರಿನ ಮೌಲ್ಯ ಇಳಿದಿದೆಯಾ ಅಂತಲೂ ಒಮ್ಮೆ ಅಳೆಯಿಸಿ. ಅದು ಸೊರಗಿದರೂ ಕರೆಂಟು ಹೀಗೇ ಏರುತ್ತದೆ.

ತಂತಿಜೋಡಕ
ಹಾಗೇ ಪಂಪು ಓಡ್ತಿರುವಾಗ ಮೇಯ್ನ್ ಬೋರ್ಡಿನಲ್ಲಿ ಒಂದ್ಸಲ, ಪಂಪಿನ ಟರ್ಮಿನಲ್ಲಿನಲ್ಲಿ ಒಂದ್ಸಲ ವೋಲ್ಟೇಜ್ ಅಳೆಯಿರಿ. ಬೋರ್ಡಿನಲ್ಲಿ 210 ಇದ್ದು ಪಂಪಿನ ಹತ್ತಿರ 195 ಇದ್ದರೆ ಮಧ್ಯದಲ್ಲಿ 15 ವೋಲ್ಟ್, 4 ಆಂಪಿಯರ್, ಅಂದ್ರೆ 60 ವ್ಯಾಟ್ ನಿಮ್ಮ ಕೇಬಲ್ಲಿನಲ್ಲೇ ಸುಡ್ತಿದೆ. ದಪ್ಪ ಕೇಬಲ್ ಎಳೀಬೇಕು, ಇಲ್ಲಾ ಎಲ್ಲೋ ಒಂದು ಜಾಯಿಂಟು ಸಡಿಲ ಆಗಿದೆ, ಅದನ್ನ ಹುಡುಕಬೇಕು.